ಎರೆಹುಳಕ್ಕೆ ಇಟ್ಟ ಎಡೆ

ಎರೆಹುಳಕ್ಕೆ ಕಣ್ಣಿಲ್ಲ, ಕಿವಿಯಿಲ್ಲ, ಹಲ್ಲಿಲ್ಲ. ಶಾಲೆಯ ಮಕ್ಕಳಿಗೆ ನಾನು ಮೊದಲು ಹೇಳಿದ್ದು ಇಷ್ಟೇ. ಮಿಕ್ಕಿದ್ದನ್ನೆಲ್ಲ ಅವರೇ ಕೇಳಿ ಕೇಳಿ ನನ್ನ ಬಾಯಿ ಬಿಡಿಸಿದರು.

ನಾನು ಓದಿದ್ದು ಎಂಟನೇ ಕ್ಲಾಸಿನವರೆಗೆ. ನಮ್ಮೂರು ಪಾಂಡವಪುರದಿಂದ ತೊಣ್ಣೂರಿಗೆ ಹೋಗುವ ದಾರಿಯಲ್ಲಿದೆ. ಮನೆ ಹಿಂದೆ ತೆಂಗಿನ ಗರಿಯ ಚಪ್ಪರ, ಅದರ ಕೆಳಗೆ ಎರಡು ತೊಟ್ಟಿ. ಅದರಲ್ಲಿ ಎರೆಹುಳ ಸಾಕುತ್ತೇನೆ. ಸಗಣಿ, ಕಬ್ಬಿನ ತರಗು, ಬಾಳೆದಿಂಡು ಹಾಕಿ ಒದ್ದೆ ಗೋಣಿ ಮುಚ್ಚಿದರೆ ಎರಡು ಮೂರು ತಿಂಗಳಲ್ಲಿ ಟೀ ಪುಡಿಯಂಥ ಗೊಬ್ಬರ ಸಿಗುತ್ತದೆ. ಇದರಲ್ಲಿ ದೊಡ್ಡ ವಿದ್ಯೆ ಏನೂ ಇಲ್ಲ. ಹುಳ ಕೆಲಸ ಮಾಡುತ್ತವೆ, ನಾನು ನೀರು ಹಾಕುತ್ತೇನೆ.

ನಮ್ಮೂರ ಸರ್ಕಾರಿ ಶಾಲೆಯ ಮೇಡಂ ಒಂದು ದಿನ ಮನೆಗೇ ಬಂದರು. ಬಿಸಿಯೂಟದ ಅಡುಗೆಮನೆಯಲ್ಲಿ ದಿನಕ್ಕೊಂದು ಬಕೆಟ್ ಸಿಪ್ಪೆ, ಸೊಪ್ಪಿನ ದಂಟು ಮಿಗುತ್ತಿತ್ತು. ಕಾಂಪೌಂಡಿನ ಆಚೆ ಸುರಿದರೆ ನಾಯಿ, ಹಂದಿ ಎಳೆದಾಡುತ್ತಿದ್ದವು. ಮಕ್ಕಳಿಗೆ ಹುಳ ತೋರಿಸಿ, ಅವರ ಕೈಲೇ ಗೊಬ್ಬರ ಮಾಡಿಸು ಅಂದರು.

"ನಂಗೆ ಪಾಠ ಮಾಡಕ್ಕೆ ಬರಕಿಲ್ಲ ಮೇಡಂ."

"ಪಾಠ ನಾನು ಮಾಡ್ತೀನಪ್ಪ. ನೀನು ಹುಳ ತಗೊಂಡು ಬಾ ಸಾಕು."

ಬೇರೆ ಊರಿನ ಶಾಲೆಯಾಗಿದ್ದರೆ ಆಗಲ್ಲ ಅಂತಿದ್ದೆ. ಆ ಶಾಲೆಯಲ್ಲಿ ಮೂರನೇ ಕ್ಲಾಸಿನಲ್ಲಿ ನಮ್ಮ ಅಕ್ಕನ ಮಗಳು ಓದುತ್ತಿದ್ದಳು. ಅವಳಿಗೋಸ್ಕರ ಒಪ್ಪಿದೆ.

ಅಕ್ಕ ತೀರಿಕೊಂಡು ಆಗ ಒಂದು ವರ್ಷ ದಾಟಿತ್ತು. ಕಾಮಾಲೆ. ಅವಳನ್ನು ಕೊಟ್ಟಿದ್ದು ನಾಗಮಂಗಲದ ಕಡೆಗೆ. ಗಂಡನ ಮನೆಯ ಹೊಲದಲ್ಲೇ ಮಣ್ಣು ಮಾಡಿದರು. ಹನ್ನೊಂದನೇ ದಿನದ ಕಾರ್ಯ ಮುಗಿಸಿಕೊಂಡು ವಾಪಸ್ ಬರುವಾಗ ಅವ್ವ ಮಗುವನ್ನು ಸೊಂಟದ ಮೇಲೆ ಎತ್ತಿಕೊಂಡು ಬಂದಳು. ಎತ್ತಿಕೊಳ್ಳುವ ವಯಸ್ಸೇನಲ್ಲ. ಕಾಲು ನೇತಾಡುತ್ತಿದ್ದವು. ಭಾವ ಬೇಡ ಅನ್ನಲಿಲ್ಲ. ಅಂದಿನಿಂದ ಮನೆಯಲ್ಲಿ ಮೂರು ಜನ. ನಾನು, ಅವ್ವ, ಅವಳು.

ಮೊದಲನೇ ದಿನ ಟೊಮೆಟೊ ಕ್ರೇಟಿಗೆ ತೆಂಗಿನ ನಾರು, ಹಳೇ ಸಗಣಿ ತುಂಬಿಕೊಂಡು, ಬಕೆಟಿನಲ್ಲಿ ಹುಳ ತಗೊಂಡು ಹೋದೆ. ಬಕೆಟ್ ಬಗ್ಗಿಸಿದ ತಕ್ಷಣ ಅರ್ಧ ಕ್ಲಾಸು ಬೆಂಚಿನ ಮೇಲೆ.

"ಅಣ್ಣೋ, ಕಚ್ತದಾ?"

"ಹಲ್ಲೇ ಇಲ್ಲ ಅಂದ್ನಲ್ಲಲಾ, ಏನ್ ಕಚ್ಚಾದು?"

"ಉಚ್ಚೆ ಎಲ್ಲಿಂದ ಉಯ್ತದೆ?"

ಎಲ್ಲರೂ ನಕ್ಕರು. ಮೇಡಂ ಗದರಿಸಿದರು. ಅದಕ್ಕೆ ನನಗೂ ಉತ್ತರ ಗೊತ್ತಿರಲಿಲ್ಲ.

ಮೊದಲು ಕೈ ಹಾಕಿದ್ದು ನಮ್ಮ ಹುಡುಗಿ. ಮನೆಯಲ್ಲಿ ನೋಡಿ ನೋಡಿ ಅಭ್ಯಾಸ. ಒಂದು ಹಿಡಿ ಎತ್ತಿ ಬೆರಳ ಸಂದಿಯಲ್ಲಿ ಹುಳ ನೇತಾಡಿಸಿಕೊಂಡು, "ನೋಡ್ರಲೇ, ತಣ್ಣಗದೆ ಅಷ್ಟೆಯ. ನಮ್ ಮಾವಂದು ಇವೆಲ್ಲ," ಅಂದಳು. ಆಮೇಲೆ ಒಬ್ಬೊಬ್ಬರಾಗಿ ಬಂದರು. ಪ್ರತಿ ಮಗುವೂ ಒಂದೊಂದು ಹಿಡಿ ಹುಳ ಕ್ರೇಟಿಗೆ ಬಿಡಬೇಕು ಅಂತ ಮೇಡಂ ಹೇಳಿದರು. ಬಿಟ್ಟರು. ಒಬ್ಬ ಮಾತ್ರ ಕೈಗೆ ಪ್ಲಾಸ್ಟಿಕ್ ಕವರ್ ಸಿಕ್ಕಿಸಿಕೊಂಡು ಬಿಟ್ಟ.

ಏನು ಹಾಕಬೇಕು, ಏನು ಹಾಕಬಾರದು ಅಂತ ಬೋರ್ಡಿನ ಮೇಲೆ ಬರೆಯಪ್ಪ ಅಂದರು. ನನ್ನ ಕೈಬರಹ ನೋಡಿ ಮೇಡಮ್ಮೇ ಬರೆದರು. ಬಾಳೆಸಿಪ್ಪೆ, ಸೊಪ್ಪು, ತರಕಾರಿ ಸಿಪ್ಪೆ, ಟೀ ಚರಟ ಹಾಕಬಹುದು. ಉಪ್ಪು, ಹುಳಿ, ಖಾರ, ಎಣ್ಣೆ, ಮಾಂಸ ಹಾಕಬಾರದು. ಮಕ್ಕಳು ಮಗ್ಗಿ ಹೇಳಿದಂಗೆ ಹೇಳಿದರು. ಎಲ್ಲರಿಗಿಂತ ಜೋರು ನಮ್ಮವಳದೇ.

ಆವಾಗ ಹಿಂದಿನ ಬೆಂಚಿನಿಂದ ಒಬ್ಬ ಕೇಳಿದ. "ಅಣ್ಣ, ಸತ್ತೋದೋರ್ನೂ ಇವೇ ತಿಂತವಂತೆ, ನಿಜ್ವಾ?"

ನಾನು ಯೋಚನೆ ಮಾಡಲಿಲ್ಲ. "ಊಂ ಕಣ್ಲಾ. ಮಣ್ಣಿಗೋದದ್ನೆಲ್ಲ ಮಣ್ಣು ಮಾಡಾದೇ ಇವುಗಳ ಕೆಲ್ಸ," ಅಂದೆ.

ಮೇಡಂ ನನ್ನ ಕಡೆ ನೋಡಿ ಕಣ್ಣಲ್ಲೇ ಸನ್ನೆ ಮಾಡಿದರು. ನನಗೆ ಆಗ ಅರ್ಥ ಆಗಲಿಲ್ಲ. ನಮ್ಮ ಹುಡುಗಿ ಕ್ರೇಟಿನ ಪಕ್ಕ ಕೂತು ಗೋಣಿ ಮುಚ್ಚುತ್ತಿದ್ದಳು.

ಅವತ್ತು ಸಂಜೆ ಊಟಕ್ಕೆ ಕೂತಾಗ ಕೇಳಿದಳು.

"ಮಾವ, ಅಂಗಾದ್ರೆ ಉಳಕ್ಕೆ ನಮ್ಮವ್ವ ಗೊತ್ತಾ?"

ಅವ್ವ ಮುದ್ದೆ ಮುರಿಯುತ್ತಿದ್ದ ಕೈಯನ್ನು ಹಾಗೇ ನಿಲ್ಲಿಸಿದಳು. ನನಗೆ ಹಸಿವು. ಮಾತು ಮುಗಿದರೆ ಸಾಕಿತ್ತು.

"ಗೊತ್ತಿರ್ತದೆ ಬುಡು. ಉಣ್ಣು."

"ಅವ್ವ ಇರಾದು ನಾಗಮಂಗ್ಲದಲ್ಲಿ. ಅಲ್ಲೀ ಉಳ ಬ್ಯಾರೆ ಅಲ್ವಾ?"

"ಮಣ್ಣೆಲ್ಲಾ ಒಂದೇ ಕಣವ್ವ. ಇಲ್ಲೀದು ಅಲ್ಲೀದು ಅಂತ ಇಲ್ಲ. ಸಾರು ಆರೋಯ್ತದೆ, ಉಣ್ಣು."

ಅವಳು ಉಂಡಳು. ನಾನು ಅಲ್ಲಿಗೆ ಮರೆತೆ.

ಕ್ರೇಟು ಚೆನ್ನಾಗಿ ನಡೆಯಿತು. ಶನಿವಾರ ಶನಿವಾರ ಹೋಗಿ ನೋಡಿಕೊಂಡು ಬರುತ್ತಿದ್ದೆ. ಹಾಕಿದ ಬಾಳೆಸಿಪ್ಪೆ ಮಾಯವಾಗುವುದು ನೋಡಿ ಮಕ್ಕಳಿಗೆ ಆಶ್ಚರ್ಯ. ನಮ್ಮವಳಂತೂ ದಿನಾ ಸಂಜೆ ನನಗೆ ವರದಿ ಕೊಡುತ್ತಿದ್ದಳು. ಇವತ್ತು ಬೂದುಗುಂಬಳದ ಸಿಪ್ಪೆ ತಿಂದವು, ಇವತ್ತು ನುಗ್ಗೆಕಾಯಿ ತಿನ್ನಲಿಲ್ಲ. ಅಕ್ಕ ಸತ್ತ ಮೇಲೆ ಅಷ್ಟು ಮಾತು ಅವಳ ಬಾಯಿಂದ ಬಂದಿರಲಿಲ್ಲ.

ಆ ವರ್ಷವೇ ಭಾವ ಇನ್ನೊಂದು ಮದುವೆ ಮಾಡಿಕೊಂಡಿದ್ದ. ತಪ್ಪು ಅಂತ ನಾನು ಹೇಳಲ್ಲ. ಪಕ್ಷದ ಹಬ್ಬಕ್ಕೆ ಒಂದು ವಾರ ಇದ್ದಾಗ ಫೋನ್ ಮಾಡಿ, ದಸರಾ ಕಳೆದ ಮೇಲೆ ಬಂದು ಮಗಳನ್ನು ಕರೆದುಕೊಂಡು ಹೋಗುತ್ತೇನೆ ಅಂದ. ಅವ್ವ ಫೋನಿನಲ್ಲೇ ಅತ್ತಳು. ಕೊನೆಗೆ ಅವನೂ ಮೆತ್ತಗಾದ.

"ಬಲವಂತ ಇಲ್ಲ ಅತ್ತೆ. ಕೂಸು ಬತ್ತೀನಿ ಅಂದ್ರೆ ಕರ್ಕೊಂಡೋಯ್ತೀನಿ. ಇಲ್ಲೇ ಇರ್ತೀನಿ ಅಂದ್ರೆ ಇರ್ಲಿ. ಅದರ ಬಾಯಲ್ಲೇ ಬರ್ಲಿ."

ಇರುತ್ತೇನೆ ಅಂತಾಳೆ, ನನಗೆ ಗೊತ್ತಿತ್ತು. ಆದರೂ ಭಯ. ಗಟ್ಟಿ ಮಾಡಿಕೊಳ್ಳೋಣ ಅಂತ ಮೇಡಂ ಹತ್ತಿರ ಹೋಗಿ, ದಸರಾ ರಜೆಗೆ ಕ್ರೇಟನ್ನು ನಮ್ಮ ಹುಡುಗಿಗೇ ವಹಿಸಿ ಅಂತ ಕೇಳಿಕೊಂಡೆ. ಇಡೀ ಕ್ಲಾಸಿನ ಮುಂದೆ ಮೇಡಂ ಕ್ರೇಟನ್ನು ಅವಳ ಕೈಗೆ ಕೊಟ್ಟರು. ಹುಳ ಬಿಟ್ಟು ಎಲ್ಲಿಗೂ ಹೋಗಲ್ಲ ಅನ್ನುತ್ತಾಳೆ ಅನ್ನುವುದು ನನ್ನ ಲೆಕ್ಕ. ಅವಳು ಕ್ರೇಟನ್ನು ನನ್ನ ಬೈಕಿನಲ್ಲಿ ನಮ್ಮಿಬ್ಬರ ನಡುವೆ ಇಟ್ಟು ತಬ್ಬಿಕೊಂಡು ಬಂದಳು. ಗುಂಡಿ ಬಂದಾಗೆಲ್ಲ, "ನಿಧಾನ ಮಾವ, ಅವ್ಕೆ ಎದ್ರಿಕೆ ಆಯ್ತದೆ," ಅಂತಿದ್ದಳು.

ಅಮಾವಾಸ್ಯೆ ದಿನ ಹಿರಿಯರಿಗೆ ಎಡೆ. ಮದುವೆಯಾದ ಹೆಣ್ಣಿಗೆ ಗಂಡನ ಮನೆಯಲ್ಲಿ ಎಡೆ ಇಡುವುದು ನಮ್ಮ ಕಡೆ ಪದ್ಧತಿ. ತವರಿನಲ್ಲಿ ಇಡುವುದಿಲ್ಲ. ಅವ್ವ ಕೇಳಲಿಲ್ಲ. "ಒಸಾ ಎಂಡ್ರು ಬಂದ ಮನೇಲಿ ನನ್ ಮಗಳಿಗೆ ಇಕ್ತಾರೋ ಇಲ್ವೋ, ನಾನಂತೂ ಇಕ್ಕೇ ಇಕ್ತೀನಿ," ಅಂದಳು. ಅಪ್ಪನ ಎಲೆಯ ಪಕ್ಕ ಅಕ್ಕನಿಗೆ ಇನ್ನೊಂದು ಎಲೆ ಹಾಸಿ, ಹೊಸ ಸೀರೆ ಇಟ್ಟು, ಅವಳಿಗೆ ಇಷ್ಟವಾಗಿದ್ದೆಲ್ಲ ಬಡಿಸಿದಳು. ಮುದ್ದೆ, ನಾಟಿಕೋಳಿ ಸಾರು, ವಡೆ, ಕಜ್ಜಾಯ. ಧೂಪ ಹಾಕಿ, ಬಾಗಿಲು ಎಳೆದುಕೊಂಡು ಎಲ್ಲರೂ ಹೊರಗೆ ಜಗುಲಿಯಲ್ಲಿ ಕೂತೆವು. ಹಿರಿಯರು ಬಂದು ಉಣ್ಣುವ ತನಕ ಯಾರೂ ಒಳಗೆ ಇಣುಕಬಾರದು.

"ಅಜ್ಜಿ, ಅವ್ವ ನಾಗಮಂಗ್ಲದಿಂದ ಎಂಗೆ ಬತ್ತಾಳೆ? ಬಸ್ಸಲ್ಲಾ?"

"ಬತ್ತಾಳೆ ಕಣ್ ಕೂಸೆ. ಅವ್ರಿಗೆ ಬಸ್ಸು ಬ್ಯಾಡ."

"ದಾರಿ ಗೊತ್ತಾ?"

"ಉಟ್ಟಿದ ಮನೆ ದಾರಿ ಯಾರ್ ಮರ್ತಾರು?"

ಸ್ವಲ್ಪ ಹೊತ್ತು ಬಿಟ್ಟು ಅವ್ವ ಮೂರು ಸಲ ಬಾಗಿಲು ತಟ್ಟಿ ತೆಗೆದಳು. ಹುಡುಗಿ ಎಲ್ಲರಿಗಿಂತ ಮುಂದೆ ನುಗ್ಗಿ ಎಲೆಯ ಮುಂದೆ ಕೂತು ಬಗ್ಗಿ ಬಗ್ಗಿ ನೋಡಿದಳು. ವಡೆ ಎಣಿಸಿದಳು.

"ಏನೂ ಉಂಡಿಲ್ಲ."

"ವಾಸ್ನೆ ಕುಡುದವ್ಳೆ ಬುಡವ್ವ. ಅದೇ ಅವ್ರ ಊಟ. ಈ ಎಲೇದು ನೀನೇ ಉಣ್ಣು, ನಿಮ್ಮವ್ವಂಗೆ ಸಂತೋಸ ಆಯ್ತದೆ."

ಅವಳು ಎಲೆ ಎತ್ತಿಕೊಂಡು ಹಿತ್ತಲಿಗೆ ಹೋದಳು. ಕಲ್ಲಿನ ಮೇಲೆ ಕೂತು ತಿನ್ನುತ್ತಾಳೆ ಅಂದುಕೊಂಡೆವು. ಸ್ವಲ್ಪ ಹೊತ್ತಿಗೆ ಬರಿಗೈಲಿ ಬಂದು "ಉಂಡೆ" ಅಂದಳು. ನಾಟಿಕೋಳಿ ಅಂದರೆ ಜೀವ ಬಿಡುವ ಹುಡುಗಿ. ಇನ್ನೆರಡು ತುಂಡು ಹಾಕಿಸಿಕೊಳ್ಳಲು ಬಂದಿಲ್ಲವಲ್ಲ ಅಂತ ನನಗೆ ಹೊಳೆಯಬೇಕಿತ್ತು. ಹೊಳೆಯಲಿಲ್ಲ.

ಮಾರನೇ ದಿನ ನಾನು ಬೂಕನಕೆರೆಗೆ ಹೋದೆ. ಅಲ್ಲಿ ಒಬ್ಬರ ತೋಟದಲ್ಲಿ ಎರೆಹುಳದ ತೊಟ್ಟಿ ಕಟ್ಟುವ ಕೆಲಸ ಒಪ್ಪಿಕೊಂಡಿದ್ದೆ. ಅಲ್ಲೇ ಮೂರು ದಿನ ಉಳಿದೆ. ನಾಲ್ಕನೇ ದಿನ ಮಧ್ಯಾಹ್ನ ಮನೆಗೆ ಬಂದಾಗ ಹಿತ್ತಲಲ್ಲಿ ಹೆಣದ ವಾಸನೆ. ಇಲಿ ಸತ್ತಿದೆ ಅಂತ ಹುಡುಕಿದೆ. ಕ್ರೇಟಿನ ಗೋಣಿ ಎತ್ತಿದೆ.

ಮುದ್ದೆ ಹುಳಿ ಬಂದು ಉಬ್ಬಿತ್ತು. ಕೋಳಿ ಮೂಳೆಗೆ ಕಪ್ಪಿರುವೆ ಮುತ್ತಿತ್ತು. ಸಾರಿನ ಎಣ್ಣೆ, ಉಪ್ಪು ಕೆಳಗೆಲ್ಲ ಇಳಿದು ರಾಡಿಯಾಗಿತ್ತು. ಅದರ ಮೇಲೆ ಯಾರೋ ನೀರು ಬೇರೆ ಹಾಕಿದ್ದರು. ಹುಳಗಳೆಲ್ಲ ಬಿಳಿಚಿಕೊಂಡು, ಬೇಯಿಸಿದ ಶಾವಿಗೆಯಂತೆ ಕರಗಿ ಬಿದ್ದಿದ್ದವು. ಕೈ ಹಾಕಿ ತಳದವರೆಗೆ ಕೆದಕಿದೆ. ಅಲುಗಾಡುವುದು ಒಂದೂ ಇಲ್ಲ.

ಅವಳು ಬಂದು ಹಿಂದೆ ನಿಂತಿದ್ದಳು.

"ಯಾರಲೇ ಆಕಿದ್ದು ಇದ್ನ?"

"ನಾನು."

"ಬೋರ್ಡಲ್ಲಿ ಬರ್ಸಿಲ್ವಾ? ದಿನಾ ಬಾಯಿಪಾಠ ಒಪ್ಪುಸ್ತಿದ್ದಲ್ಲ?"

"ಅವು ಮ್ಯಾಲೆ ಮ್ಯಾಲೆ ಅತ್ತಿ ಓಡೋಯ್ತಿದ್ವು ಮಾವ. ಇನ್ನೂ ಊಟ ಅಂಗೇ ಇತ್ತು. ಅದ್ಕೆ ಇಡ್ದು ಇಡ್ದು ಒಳಿಕ್ಕೆ ಬುಟ್ಟೆ."

ಹುಳ ಜೀವ ಉಳಿಸಿಕೊಳ್ಳಲು ಹತ್ತಿ ಬಂದಿವೆ. ಇವಳು ಒಂದೊಂದನ್ನೇ ಹಿಡಿದು ವಾಪಸ್ ಅದೇ ಉಪ್ಪಿಗೆ ಬಿಟ್ಟಿದ್ದಾಳೆ. ಮೂರು ದಿನ. ನನ್ನ ತಲೆ ಕೆಟ್ಟಿತು.

"ಕೊಂದಾಕ್ಬುಟ್ಯಲ್ಲೇ ಎಲ್ಲಾನೂವೆ! ಎಂಥಾ ದರಿದ್ರದ ಕೈಯೇ ನಿಂದು? ನೀನು ಮುಟ್ಟಿದ್ದೆಲ್ಲ ಸಾಯ್ತದೆ. ಇನ್ನು ಏನೂ ಮುಟ್ಬ್ಯಾಡ ನೀನು!"

ಹೇಳಿದ್ದು ಹೀಗೇ. ಒಂದು ಮಾತೂ ಹೆಚ್ಚು ಕಡಿಮೆ ಮಾಡಿ ಬರೆಯುತ್ತಿಲ್ಲ.

ಅವಳು ಅಳಲಿಲ್ಲ. ಎರಡೂ ಕೈಯನ್ನು ಲಂಗಕ್ಕೆ ಒರೆಸಿಕೊಂಡಳು. ಮತ್ತೆ ಒರೆಸಿಕೊಂಡಳು. ಅವ್ವ ಒಳಗಿಂದ ಓಡಿ ಬಂದು ನನ್ನ ಬೆನ್ನಿಗೆ ಬಾರಿಸಿದಳು. "ನಿನ್ ನಾಲ್ಗೆ ಸೇದೋಗ! ತಾಯಿ ಇಲ್ಲದ ಕೂಸಿಗೆ ಅನ್ನಾ ಮಾತೇನ್ಲಾ ಅದು?" ಅಂತ ಅವಳನ್ನು ಎಳೆದುಕೊಂಡು ಹೋದಳು.

ನಾನು ಕ್ರೇಟನ್ನು ತೆಂಗಿನ ಮರದ ಬುಡಕ್ಕೆ ಸುರಿಯುತ್ತಿದ್ದೆ. ಅಡುಗೆಮನೆಯ ಕಿಟಕಿಯಿಂದ ಮಾತು ಕೇಳಿಸಿತು.

"ಯಾಕವ್ವ ಅಂಗ್ ಮಾಡ್ದೆ? ಉಣ್ಣು ಅಂತ ತಾನೆ ಕೊಟ್ಟಿದ್ದು?"

"ಅವ್ವ ಉಂಡಿರ್ಲಿಲ್ವಲ್ಲ ಅಜ್ಜಿ. ಉಳಕ್ಕೆ ಅವ್ವ ಗೊತ್ತು ಅಂತ ಮಾವ ಯೋಳಿತ್ತು. ಮಣ್ಣೆಲ್ಲಾ ಒಂದೇ ಅಂತ್ಲೂ ಯೋಳಿತ್ತು. ಅದ್ಕೇ ಅವುಗಳ ಕೈಲಿ ಕಳ್ಸಿದ್ದೆ."

ಒಳಗೆ ಹೋಗಬೇಕಿತ್ತು. ಹತ್ತು ಹೆಜ್ಜೆ. ಹೋಗಿ ಎತ್ತಿಕೊಳ್ಳಬೇಕಿತ್ತು. ನಾನು ಬೈಕ್ ತಗೊಂಡು ಸಕ್ಕರೆ ಫ್ಯಾಕ್ಟರಿ ಹತ್ತಿರದ ಟೀ ಅಂಗಡಿಗೆ ಹೋಗಿ ಕೂತೆ. ಏನಂತ ಮಾತಾಡುವುದು ಗೊತ್ತಾಗಲಿಲ್ಲ. ನಾಳೆ ಮಾತಾಡಿಸೋಣ ಅಂದುಕೊಂಡೆ. ಮಾರನೇ ದಿನವೂ ಹಾಗೇ ಅಂದುಕೊಂಡೆ. ಅವಳು ಎಂದಿನಂತೆ ಉಣ್ಣುತ್ತಿದ್ದಳು, ಮಲಗುತ್ತಿದ್ದಳು. ಸರಿಹೋಯಿತು ಅಂತ ನನಗೆ ನಾನೇ ಹೇಳಿಕೊಂಡೆ. ದಿನಾ ಮೈ ಸವರುತ್ತಿದ್ದ ನಮ್ಮ ಕೊಟ್ಟಿಗೆಯ ಕರುವಿನ ಹತ್ತಿರ ಹೋಗುವುದನ್ನೂ ಬಿಟ್ಟಿದ್ದಾಳೆ ಅಂತ ಅವ್ವ ಒಂದು ಸಲ ಹೇಳಿದಳು. ನಾನು ಕಿವಿಗೆ ಹಾಕಿಕೊಳ್ಳಲಿಲ್ಲ.

ವಿಜಯದಶಮಿ ಕಳೆದ ಮಾರನೇ ದಿನವೇ ಭಾವ ಬಂದ. ಕಾಫಿ ಕುಡಿದ. ಮಗಳನ್ನು ಮುಂದೆ ಕೂರಿಸಿಕೊಂಡು ಕೇಳಿದ.

"ಏನವ್ವ, ನನ್ ಜೊತೆ ಬತ್ತೀಯಾ, ಅಜ್ಜಿ ಮನೇಲೇ ಇರ್ತೀಯಾ?"

ಅವಳು ಅಜ್ಜಿಯ ಮುಖ ನೋಡಿದಳು. ನನ್ನ ಮುಖ ನೋಡಿದಳು. ತುಂಬ ಹೊತ್ತು ನೋಡಿದಳು.

"ಬತ್ತೀನಿ," ಅಂದಳು.

ಅವ್ವ ಸೆರಗು ಬಾಯಿಗೆ ಹಿಡಿದುಕೊಂಡಳು. "ಯಾಕ್ ಕೂಸೆ? ನಾವೇನ್ ಮಾಡುದ್ವೆ?"

"ನಾನಿದ್ರೆ ನೀನೂ ಸತ್ತೋಯ್ತೀಯ ಅಜ್ಜಿ. ಮಾವನೂವೆ."

ಭಾವನಿಗೆ ಅರ್ಥ ಆಗಲಿಲ್ಲ. ಮಗು ಏನೋ ಅಂತದೆ ಅಂದ. ಆಗಲೂ ನಾನು ಬಾಯಿ ಬಿಡಲಿಲ್ಲ. ಭಾವನ ಮುಂದೆ ಆ ಮಾತನ್ನು ಮತ್ತೆ ಹೇಳುವುದು ಹೇಗೆ? ನಾಚಿಕೆ ಆಯಿತು. ನಾಚಿಕೆ ಬಿಟ್ಟು ಹೇಳಿದ್ದರೆ ಉಳಿಯುತ್ತಿದ್ದಳೋ ಏನೋ. ಹೊರಡುವಾಗ ಅವ್ವ ತಬ್ಬಿಕೊಂಡರೆ ಅವಳು ಎರಡೂ ಕೈಯನ್ನು ಬೆನ್ನ ಹಿಂದೆ ಕಟ್ಟಿಕೊಂಡೇ ನಿಂತಿದ್ದಳು.

ಶಾಲೆ ಶುರುವಾದಾಗ ಕ್ರೇಟು ವಾಪಸ್ ಕೊಡಬೇಕಿತ್ತು. ನನ್ನ ತೊಟ್ಟಿಯಿಂದ ಹುಳ ತುಂಬಿಸಿ ಕೊಟ್ಟೆ. ಅರ್ಧ ಗಂಟೆಯ ಕೆಲಸ. ಮಕ್ಕಳಿಗೆ ವ್ಯತ್ಯಾಸವೇ ಗೊತ್ತಾಗಲಿಲ್ಲ. ತೊಟ್ಟಿಯಲ್ಲಿ ಎಷ್ಟು ಬೇಕಾದರೂ ಹುಳ ಇದ್ದವು. ಅರ್ಧ ಗಂಟೆಯಲ್ಲಿ ತುಂಬಿಕೊಡಬಹುದಾದ ನಷ್ಟಕ್ಕೆ ನಾನು ಅಂಥ ಮಾತು ಆಡಿದ್ದೆ.

ಒಂದು ತಿಂಗಳಾಗಿರಬೇಕು. ತೆಂಗಿನ ಬುಡಕ್ಕೆ ಪಾತಿ ಮಾಡುವಾಗ, ಕ್ರೇಟು ಸುರಿದಿದ್ದ ಜಾಗದಲ್ಲಿ ಗುದ್ದಲಿ ಹಾಕಿದೆ. ಕೆಳಗೆ ಬಿಳಿ ದಾರದಂಥ ಮರಿಹುಳಗಳು. ದೊಡ್ಡವು ಸತ್ತರೂ ಮೊಟ್ಟೆ ಉಳಿದಿದ್ದವು. ಸಾಸಿವೆಗಿಂತ ಸ್ವಲ್ಪ ದಪ್ಪ ಇರುತ್ತವೆ ಅವು. ಮಣ್ಣಲ್ಲಿ ಉಪ್ಪು ತೊಳೆದುಹೋದ ಮೇಲೆ ಒಡೆದು ಮರಿಯಾಗಿವೆ. ಗುದ್ದಲಿ ಅಲ್ಲೇ ಬಿಟ್ಟು ಒಂದು ಐಸ್‌ಕ್ರೀಂ ಡಬ್ಬಿಗೆ ಮಣ್ಣು ಸಮೇತ ತುಂಬಿಕೊಂಡು, ನಾಗಮಂಗಲದ ಬಸ್ಸು ಹತ್ತಿದೆ. ಜಕ್ಕನಹಳ್ಳಿ ದಾಟುವವರೆಗೂ ನಿಂತೇ ಹೋದೆ. ಪಕ್ಕದ ಸೀಟಿನ ಅಜ್ಜಿಯೊಬ್ಬಳು ಡಬ್ಬಿ ಇಸಕೊಂಡು ಮಡಿಲಲ್ಲಿ ಇಟ್ಟುಕೊಂಡಳು.

"ಏನಪ್ಪ ಇದ್ರಲ್ಲಿ, ಸ್ವೀಟಾ?"

"ಉಳ ಕಣಜ್ಜಿ."

ತಮಾಷೆ ಅಂದುಕೊಂಡು ನಕ್ಕಳು.

ಭಾವನ ಹೊಸ ಹೆಂಡತಿ ಬಾಗಿಲು ತೆಗೆದಳು. ಒಳ್ಳೆಯ ಹೆಂಗಸು. ನೀರು ಕೊಟ್ಟು, "ಬನ್ನಿ ಅಣ್ಣ, ಕೂತ್ಕಳಿ" ಅಂದಳು. ಹುಡುಗಿ ಬಾಗಿಲ ಸಂದಿಯಲ್ಲಿ ನಿಂತಳು. ಎರಡು ಜಡೆ ಹಾಕಿದ್ದರು. ಕೈ ಹಿಂದಕ್ಕೆ ಕಟ್ಟಿದ್ದಳು. ನಾನು ಡಬ್ಬಿಯ ಮುಚ್ಚಳ ತೆಗೆದು ನೆಲದ ಮೇಲೆ ಇಟ್ಟೆ.

"ಸತ್ತಿರ್ಲಿಲ್ಲ ಕಣವ್ವ. ಮೊಟ್ಟೆ ಇದ್ವು. ಮರಿ ಆಗವೆ ನೋಡು."

ಬಗ್ಗಿ ನೋಡಿದಳು. "ಎಷ್ಟವೆ?"

"ಎಣ್ಸಿಲ್ಲ. ನೀನೇ ಎಣ್ಸು."

ಕೈ ಮುಂದೆ ಬರಲಿಲ್ಲ.

"ಮಾವ ಸಿಟ್ಟಲ್ಲಿ ಅಂದದ್ದು ಅದು. ಸುಳ್ಳು ಮಾತು. ನಿನ್ ಕೈಯಿಂದ ಏನೂ ಆಗಿಲ್ಲ."

"ದೊಡ್ಡವು ಸತ್ತಿದ್ವಲ್ಲ."

"ಅವು ಉಪ್ಪಿಗೆ ಸತ್ತಿದ್ದು."

"ಉಪ್ಪು ನಾನೇ ತಾನೆ ಆಕಿದ್ದು?"

ಕೊನೆಗೆ, ಏನಾದರೂ ಆಗಲಿ ಅಂತ, ಒಂದು ಸುಳ್ಳು ಹೇಳಿದೆ.

"ನೀ ಕಳ್ಸಿದ್ ಎಡೆ ನಿಮ್ಮವ್ವಂಗೆ ತಲುಪ್ತು ಕಣವ್ವ. ಉಳ ತಗಂಡೋಗಿ ಕೊಟ್ಟವೆ. ಅವ್ವ ಉಂಡ್ಳು."

ಅವಳು ನನ್ನನ್ನೇ ನೋಡಿದಳು. ಶಾಲೆಯಲ್ಲಿ ತಪ್ಪು ಹೇಳಿದ ಹುಡುಗನನ್ನು ಮೇಡಂ ನೋಡುವ ಹಾಗೆ.

"ಅವು ಮಾಂಸ ತಿನ್ನಾಕಿಲ್ಲ ಮಾವ. ನೀನೇ ಬರ್ಸಿದ್ದೆ."

ಡಬ್ಬಿ ಅಲ್ಲೇ ಬಿಟ್ಟು ಬಂದೆ. ವಾಪಸ್ ಕರೆದುಕೊಂಡು ಬರುತ್ತೇನೆ ಅಂತ ಅವ್ವನಿಗೆ ಹೇಳಿ ಹೋಗಿದ್ದೆ. ಒಬ್ಬನೇ ಬಂದದ್ದನ್ನು ನೋಡಿ ಅವ್ವ ಎದ್ದು ಹೋಗಿ ಒಲೆ ಹಚ್ಚಿದಳು.

ಈಗಲೂ ಶನಿವಾರ ಶಾಲೆಗೆ ಹೋಗುತ್ತೇನೆ. ಮಕ್ಕಳು ಏನು ಕೇಳಿದರೂ, ಗೊತ್ತಿಲ್ಲದಿದ್ದರೆ ಗೊತ್ತಿಲ್ಲ ಅನ್ನುತ್ತೇನೆ. ಗೊತ್ತಿದ್ದರೂ ಒಂದು ಗಳಿಗೆ ತಡೆದು ಹೇಳುತ್ತೇನೆ.

ಮೊನ್ನೆ ಭಾವನ ಹೆಂಡತಿಗೆ ಫೋನ್ ಮಾಡಿದ್ದೆ. ಹುಳ ಬದುಕಿವೆಯಾ ಅಂತ ಕೇಳಿದೆ. ಕೇಳಬೇಕಾಗಿದ್ದು ಅದಲ್ಲ.

"ಚೆನ್ನಾಗವೆ ಅಣ್ಣ. ಡಬ್ಬಿ ಸಾಲ್ದೆ ಬಕೀಟಿಗೆ ಬುಟ್ಟಿದೀವಿ. ದಿನಾ ಮಗ್ಳೇ ಸಿಪ್ಪೆ ಆಕ್ತಳೆ," ಅಂದಳು. ಆಮೇಲೆ ದನಿ ಇಳಿಸಿ ಕೇಳಿದಳು. "ಒಂದ್ ಮಾತು ಅಣ್ಣ. ಕೈಯಲ್ಲಿ ಮುಟ್ಟಕಿಲ್ಲ. ಒಂದ್ ಹಳೇ ಚಮಚ ಮಡೀಕಂಡವ್ಳೆ, ಅದ್ರಲ್ಲೇ ಆಕ್ತಳೆ. ಉಳಕ್ಕೆ ಕೈ ತಗುಲುದ್ರೆ ಏನಾರ ಆಯ್ತದಾ?"

ಏನೂ ಆಗಲ್ಲ ಅಂದೆ. ಅದನ್ನು ಅವಳಿಗೆ ಹೇಳಿ ಅಂದೆ.

"ಯೋಳ್ದೆ ಅಣ್ಣ. ಕೇಳಾಕಿಲ್ಲ."